ಕಪ್ಪು ಮೊದಲು, ಕಪ್ಪು ಕೊನೆ

ಸಂಚಯಕ ಕೋಶದ ಪಾಠವನ್ನು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವನು ನಾನು. ಪ್ರೌಢಶಾಲೆಯ ವಿಜ್ಞಾನದ ಮೇಷ್ಟರಿಗೆ ಕೆಲವು ಪಾಠಗಳು ಜಪದಂತೆ ಬಾಯಲ್ಲಿ ನಿಂತುಬಿಡುತ್ತವೆ. ಧನ ಫಲಕ ಸೀಸದ ಡೈಆಕ್ಸೈಡಿನದು, ಋಣ ಫಲಕ ಸ್ಪಂಜಿನಂತಹ ಸೀಸದ್ದು, ನಡುವೆ ಸಾರಗುಂದಿಸಿದ ಗಂಧಕಾಮ್ಲ. ವಿದ್ಯುತ್ತನ್ನು ಕೊಡುತ್ತಾ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳ್ಳಗಾಗುತ್ತದೆ. ಹೊರಗಿನಿಂದ ವಿದ್ಯುತ್ತನ್ನು ತುಂಬಿದರೆ ಎಲ್ಲವೂ ಹಿಂದಿನ ಸ್ಥಿತಿಗೆ ಮರಳುತ್ತದೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಕಂಡುಹಿಡಿದ ಈ ಸಾಧನ ಇಂದಿಗೂ ಮೂಲತತ್ತ್ವದಲ್ಲಿ ಹಾಗೆಯೇ ಉಳಿದಿದೆ. ಒಂದು ಕೋಶಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಅಂತಹ ಆರು ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿದರೆ ನಮ್ಮ ಕಾರುಗಳಲ್ಲಿರುವ ಹನ್ನೆರಡು ವೋಲ್ಟಿನ ಬ್ಯಾಟರಿ.

ಈ ಪಾಠಕ್ಕೆ ನನಗೆ ದೊರೆತ ಅತ್ಯುತ್ತಮ ಪಾಠೋಪಕರಣವನ್ನು ಕೊಟ್ಟದ್ದು ಶಿಕ್ಷಣ ಇಲಾಖೆಯಲ್ಲ, ರಾಮಾಯಣ. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಆ ಧಾರಾವಾಹಿ ಬರುತ್ತಿದ್ದ ಕಾಲ. ಆಗ ನಾನು ಹುಣಸೂರು ತಾಲ್ಲೂಕಿನ ಬಿಳಿಕೆರೆಯಿಂದ ಒಳಗಿದ್ದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಊರಿಗೆಲ್ಲ ಒಂದೇ ಕಪ್ಪು-ಬಿಳುಪಿನ ಟಿ.ವಿ. ಎತ್ತರದ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿದ್ದರು. ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಆ ಟಿ.ವಿ.ಗೆ ಕಾರಿನ ಬ್ಯಾಟರಿಯೇ ಆಧಾರ. ಪ್ರತಿ ಶುಕ್ರವಾರ ಒಬ್ಬರು ಆ ಭಾರದ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಹಾಕಿ ಕಟ್ಟಿಕೊಂಡು ಹುಣಸೂರಿನ ಚಾರ್ಜಿಂಗ್ ಅಂಗಡಿಗೆ ಒಯ್ಯುವರು, ಶನಿವಾರ ಸಂಜೆ ತರುವರು. ಹಿಂದಿ ಯಾರಿಗೂ ಬಾರದಿದ್ದರೂ ಕಥೆ ಎಲ್ಲರಿಗೂ ಬರುತ್ತಿತ್ತು. ಸೋಮವಾರ ಅದೇ ಬ್ಯಾಟರಿ ನನ್ನ ತರಗತಿಯ ಮೇಜಿನ ಮೇಲೆ ಬರುತ್ತಿತ್ತು. ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆ, ಮೇಲೆ ಆರು ಮುಚ್ಚಳ. ಶಾಲೆಯ ಹೈಡ್ರೋಮೀಟರಿನಿಂದ ಮಕ್ಕಳೇ ಆಮ್ಲದ ಸಾಂದ್ರತೆಯನ್ನು ಅಳೆಯುತ್ತಿದ್ದರು. ತುಂಬಿದ ಬ್ಯಾಟರಿಯಲ್ಲಿ 1.28ರ ಆಸುಪಾಸು ಇರಬೇಕಾದದ್ದು ರಾಮ-ರಾವಣರ ಯುದ್ಧದ ವಾರಗಳಲ್ಲಿ ಬಹಳ ಕೆಳಗಿಳಿದಿರುತ್ತಿತ್ತು. ಸಂಜೆಯ ವೇಳೆಗೆ ಮತ್ತೆ ಸೈಕಲ್ ಏರಿ ಅದು ಹೊರಡುತ್ತಿತ್ತು.

ಇಷ್ಟನ್ನು ಹೇಳಿದ್ದು ಏಕೆಂದರೆ, ಬ್ಯಾಟರಿಯ ಶಾಸ್ತ್ರ ನನಗೆ ಗೊತ್ತಿತ್ತು. ಬ್ಯಾಟರಿಯ ಕೆಲಸ ಗೊತ್ತಿದ್ದದ್ದು ನಮ್ಮ ಪಕ್ಕದ ಮನೆಯವರಿಗೆ. ಇವೆರಡರ ನಡುವಿನ ಅಂತರ ಚಿಕ್ಕದಲ್ಲ.

ನಾವು ವಿಜಯನಗರ ಮೂರನೆಯ ಹಂತಕ್ಕೆ ಬಂದದ್ದು 1998ರಲ್ಲಿ. ಆಗ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ರಾತ್ರಿ ಯಾರ ಮನೆಗಾದರೂ ಕಾಯಿಲೆಯೆಂದರೆ ಆಟೋ ಹಿಡಿಯಲು ದೂರ ನಡೆಯಬೇಕಿತ್ತು. ಪಕ್ಕದ ಮನೆಯವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರು. 1961ರಲ್ಲಿ ಆರಂಭವಾಗಿ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ದೇಶಕ್ಕೆಲ್ಲ ಕೊಟ್ಟ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರಿಂದ ಹೊರಬಂದ ನೂರಾರು ಜನ ಮೈಸೂರಿನ ಬಡಾವಣೆಗಳಲ್ಲಿ ಹರಡಿಕೊಂಡರು. ಅವರಿದ್ದ ಬೀದಿಯ ಪುಣ್ಯವೇ ಪುಣ್ಯ. ನಮ್ಮ ಬೀದಿಯಲ್ಲಿ ನೀರಿನ ಪಂಪು ನಿಂತರೂ, ಸ್ಕೂಟರ್ ಮುನಿಸಿಕೊಂಡರೂ, ಕಾರು ಹೊರಡದಿದ್ದರೂ ಕರೆ ಹೋಗುತ್ತಿದ್ದದ್ದು ಅವರಿಗೆ. ಹಸಿರು ಬಣ್ಣದ ತಗಡಿನ ಪೆಟ್ಟಿಗೆಯೊಂದನ್ನು ಹಿಡಿದು ಬರುವರು. ಒಂದು ಲೋಟ ಕಾಫಿಯ ಹೊರತು ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ.

ಕೆಲಸ ಮಾಡುವಾಗ ಅವರು ಹೆಚ್ಚು ಮಾತನಾಡುತ್ತಿರಲಿಲ್ಲ. ಆದರೆ ಬ್ಯಾಟರಿಯ ಮುಂದೆ ನಿಂತಾಗ ಮಾತ್ರ ಒಂದು ವಾಕ್ಯವನ್ನು ತಪ್ಪದೆ ಹೇಳುವರು: “ಬಿಚ್ಚೋವಾಗ ಕಪ್ಪು ಮೊದಲು, ಕಟ್ಟೋವಾಗ ಕಪ್ಪು ಕೊನೆ. ಇಷ್ಟು ನೆನಪಿಟ್ಕೊಳಿ ಮೇಷ್ಟ್ರೇ, ಮಿಕ್ಕಿದ್ದೆಲ್ಲ ಬರೀ ಬೋಲ್ಟು.” 2018ರಲ್ಲಿ ಅವರು ತೀರಿಕೊಂಡರು. ಹಸಿರು ಪೆಟ್ಟಿಗೆ ಅವರ ಮನೆಯ ಮೆಟ್ಟಿಲ ಕೆಳಗೆ ಉಳಿಯಿತು.

2020ರ ಏಪ್ರಿಲ್ ತಿಂಗಳನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತ್ತು. ವಿಜಯನಗರದ ನೀರಿನ ಟ್ಯಾಂಕಿನ ಬಳಿಯ ರಸ್ತೆಯಲ್ಲಿ ಹಗಲಿನಲ್ಲೇ ನವಿಲಿನ ಕೂಗು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳುವ ಅವಕಾಶವಿರಲಿಲ್ಲ. ನನ್ನ ಮಡದಿಗೆ ಮೂತ್ರಪಿಂಡಗಳ ತೊಂದರೆ. ಹಿಂದಿನ ವರ್ಷದಿಂದ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಆಗಲೇಬೇಕಿತ್ತು. ಆಟೋಗಳಿಲ್ಲ, ಬಸ್ಸುಗಳಿಲ್ಲ. ಮಗ ದೂರದ ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಆಸ್ಪತ್ರೆಯ ಚೀಟಿಯನ್ನು ಕಾರಿನ ಗಾಜಿಗೆ ಅಂಟಿಸಿಕೊಂಡು, ಎಪ್ಪತ್ತೆರಡು ವಯಸ್ಸಿನ ನಾನೇ ಆಕೆಯನ್ನು ಕರೆದೊಯ್ದು, ನಾಲ್ಕು ಗಂಟೆ ಹೊರಗಿನ ಮರದ ನೆರಳಿನಲ್ಲಿ ಕಾದು, ಕರೆತರುತ್ತಿದ್ದೆ. ಪೊಲೀಸರು ಚೀಟಿಯನ್ನು ನೋಡಿ ಬಿಡುತ್ತಿದ್ದರು. ಕಾರು ನಿಂತಿತೆಂದರೆ ಎಲ್ಲವೂ ನಿಂತಂತೆ.

ಒಂದು ಶುಕ್ರವಾರ ಮರಳಿ ಬರುವಾಗ ಆಸ್ಪತ್ರೆಯ ಮುಂದೆ ಕೀಲಿ ತಿರುಗಿಸಿದರೆ ಎಂಜಿನ್ ನರಳಿತು. ಎರಡನೆಯ ಬಾರಿಯೂ ನರಳಿತು. ಮೂರನೆಯ ಬಾರಿಗೆ ಹೊತ್ತಿಕೊಂಡಿತು. ಆಕೆ ಏನನ್ನೂ ಹೇಳದೆ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಡಯಾಲಿಸಿಸ್ ಆದ ದಿನ ಆಕೆಗೆ ಮಾತನಾಡುವ ಶಕ್ತಿಯೂ ಇರುತ್ತಿರಲಿಲ್ಲ. ಮುಂದಿನ ಮಂಗಳವಾರಕ್ಕೆ ನಡುವೆ ಮೂರೇ ದಿನ.

ಕಾರು ನರಳಿದ ಮಾತ್ರಕ್ಕೆ ಬ್ಯಾಟರಿಯೇ ಕೆಟ್ಟಿತೆಂದು ತೀರ್ಮಾನಿಸಲಾಗದು. ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರ್ ಕೆಟ್ಟಿರಬಹುದು. ಟರ್ಮಿನಲ್ಲುಗಳಲ್ಲಿ ಕಿಲುಬು ಕಟ್ಟಿ ವಿದ್ಯುತ್ತಿಗೆ ದಾರಿ ಇಲ್ಲದೆಯೂ ಇರಬಹುದು. ಶಾಸ್ತ್ರ ಉಪಯೋಗಕ್ಕೆ ಬಂದದ್ದು ಇಲ್ಲಿ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಅಳೆದೆ: 14.1 ವೋಲ್ಟ್. ಹದಿಮೂರೂವರೆಯಿಂದ ಹದಿನಾಲ್ಕೂವರೆಯೊಳಗಿದ್ದರೆ ತುಂಬುವ ವ್ಯವಸ್ಥೆ ಸರಿಯಾಗಿದೆ ಎಂದರ್ಥ. ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ಅಳೆದೆ: 11.9. ಆರೋಗ್ಯವಾಗಿರುವ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಸುಮಾರಿನಲ್ಲಿರಬೇಕು, ಹನ್ನೆರಡಕ್ಕೆ ಇಳಿದರೆ ಬರಿದಾದಂತೆಯೇ. ಅಂದರೆ ತುಂಬುವವನು ತುಂಬುತ್ತಿದ್ದಾನೆ, ಪಾತ್ರೆ ಹಿಡಿದಿಟ್ಟುಕೊಳ್ಳುತ್ತಿಲ್ಲ. ಅದನ್ನು ಕೊಂಡದ್ದು 2015ರಲ್ಲಿ. ಇಂತಹ ಬ್ಯಾಟರಿಗಳ ಆಯುಷ್ಯ ನಮ್ಮಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಚಿಕ್ಕ ಚಿಕ್ಕ ಓಡಾಟ, ನಡುವೆ ದಿನಗಟ್ಟಲೆ ನಿಲುಗಡೆ: ಇವೆರಡೂ ಅದರ ಶತ್ರುಗಳು. ಅರೆಬರಿದಾಗಿ ಬಹುಕಾಲ ನಿಂತರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ, ಮತ್ತೆ ಎಷ್ಟು ತುಂಬಿದರೂ ಕರಗುವುದಿಲ್ಲ. ಲಾಕ್‌ಡೌನ್ ಮುಗಿಯುವ ವೇಳೆಗೆ ಊರಿನ ಎಷ್ಟೋ ಕಾರುಗಳ ಬ್ಯಾಟರಿಗಳು ಸತ್ತದ್ದು ಈ ಕಾರಣಕ್ಕೇ.

ಪರಿಚಯದ ಬ್ಯಾಟರಿ ಅಂಗಡಿಯವರಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚಿತ್ತು. ರೋಗಿಯ ವಿಷಯ ಕೇಳಿದ ಮೇಲೆ, ಹಾಲು ತರಕಾರಿಗೆ ಜನ ಓಡಾಡುವ ಬೆಳಗಿನ ಹೊತ್ತಿನಲ್ಲಿ ಕಳುಹಿಸಿಕೊಡುವುದಾಗಿ ಒಪ್ಪಿದರು. “ಆದರೆ ಸಾರ್, ನಮ್ ಹುಡುಗ ಗೇಟಿನ ಹತ್ರ ಇಟ್ಟು ಬರ್ತಾನೆ. ಒಳಗೆ ಬರಲ್ಲ. ಅಮ್ಮಾವ್ರ ಆರೋಗ್ಯ ನೋಡ್ಬೇಕಲ್ಲ” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಹುಡುಗ ಬಂದ, ಬ್ಯಾಟರಿಯನ್ನು ಗೇಟಿನ ಕಟ್ಟೆಯ ಮೇಲೆ ಇಟ್ಟ. ಹಳೆಯದನ್ನು ಒಯ್ಯಲು ಮಧ್ಯಾಹ್ನದೊಳಗೆ ಬರುವುದಾಗಿ ಹೇಳಿ ಹೋದ.

ಪಕ್ಕದ ಮನೆಯ ಯಜಮಾನಿತಿಯನ್ನು ಕೇಳಿದಾಗ ಅವರು ಮೊಮ್ಮಗಳ ಕೈಯಲ್ಲಿ ಹಸಿರು ಪೆಟ್ಟಿಗೆಯನ್ನು ಕಾಂಪೌಂಡಿನ ಗೋಡೆಯ ಮೇಲೆ ಇರಿಸಿದರು. ಆ ಹುಡುಗಿಗೆ ಆಗ ಎಸ್ಸೆಸ್ಸೆಲ್ಸಿ. ಮಾರ್ಚ್ ಕೊನೆಗೆ ಆರಂಭವಾಗಬೇಕಿದ್ದ ಪರೀಕ್ಷೆ ಮುಂದೆ ಹೋಗಿತ್ತು. ಅದು ನಡೆದದ್ದು ಜೂನ್ 25ರಿಂದ. ಪುಸ್ತಕ ಹಿಡಿದು ಬೇಸತ್ತಿದ್ದ ಆಕೆ ಗೋಡೆಯಾಚೆ ಸ್ಟೂಲಿನ ಮೇಲೆ ನಿಂತು ನೋಡತೊಡಗಿದಳು. ನಮ್ಮಿಬ್ಬರ ನಡುವೆ ಮೂರು ಗಜದ ಅಂತರ, ಇಬ್ಬರ ಮುಖಕ್ಕೂ ಬಟ್ಟೆ.

ನನ್ನ ಮಡದಿ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ಮೊದಲ ಆಜ್ಞೆ ಆಕೆಯಿಂದಲೇ ಬಂತು: “ರೀ, ಉಂಗುರ ತೆಗೆದಿಡಿ. ವಾಚನ್ನೂ.” ಹನ್ನೆರಡು ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಧನ ಟರ್ಮಿನಲ್ಲಿಗೂ ಕಾರಿನ ಮೈಗೂ ನಡುವೆ ಲೋಹ ಸೇತುವೆಯಾದರೆ ನೂರಾರು ಆಂಪಿಯರ್ ಹರಿದು, ಬೆರಳಿನಲ್ಲಿರುವ ಉಂಗುರ ಕ್ಷಣದಲ್ಲಿ ಕೆಂಡವಾಗುತ್ತದೆ. ಉಂಗುರವನ್ನು ಆಕೆಯ ಕೈಗೆ ಕೊಟ್ಟೆ. ಕನ್ನಡಕ ಹೇಗೂ ಇತ್ತು. ತೋಟಕ್ಕೆಂದು ಇಟ್ಟಿದ್ದ ರಬ್ಬರಿನ ಕೈಚೀಲ ತೊಟ್ಟೆ.

ಕೀಲಿಯನ್ನು ಕಾರಿನಿಂದ ಹೊರತೆಗೆದು, ದೀಪ ಮುಂತಾದವೆಲ್ಲ ಆರಿರುವುದನ್ನು ನೋಡಿಕೊಂಡು, ಬಾನೆಟ್ ಎತ್ತಿದೆ. ಹೊಸ ಬ್ಯಾಟರಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಮೊದಲು ಹೋಲಿಸಿದೆ: ಅಳತೆ ಒಂದೇ ಇರಬೇಕು, ಆಂಪಿಯರ್-ಅವರ್ ಒಂದೇ ಇರಬೇಕು (ನಮ್ಮ ಚಿಕ್ಕ ಕಾರಿಗೆ 35), ಧನ ಟರ್ಮಿನಲ್ ಅದೇ ಬದಿಗೆ ಇರಬೇಕು. ಬದಿ ಬೇರೆಯಾದರೆ ತಂತಿ ಎಟುಕುವುದಿಲ್ಲ. ಎಟುಕಿಸಿ ತಿರುವುಮುರುವಾಗಿ ಕಟ್ಟಿದರೆ ಕಾರಿನ ವಿದ್ಯುತ್ ಉಪಕರಣಗಳು ಸುಟ್ಟುಹೋಗುತ್ತವೆ. ತಯಾರಾದ ತಿಂಗಳು ಹಳೆಯದಲ್ಲವೆಂದು ನೋಡಿದೆ. ವೋಲ್ಟ್ ಅಳೆದೆ: 12.6.

ಹತ್ತು ಮಿಲಿಮೀಟರಿನ ಸ್ಪ್ಯಾನರ್ ಹಿಡಿದು ಕಪ್ಪು ತಂತಿಯ ಬೋಲ್ಟಿಗೆ ಹಾಕಿದಾಗ ಗೋಡೆಯಾಚೆಯಿಂದ ಪ್ರಶ್ನೆ ಬಂತು: “ತಾತ, ಮೈನಸ್ ಮೊದಲು ಯಾಕೆ? ಯಾವುದು ಬಿಚ್ಚಿದ್ರೂ ಸರ್ಕ್ಯೂಟ್ ಕಟ್ ಆಗುತ್ತಲ್ಲ?”

ನಿವೃತ್ತನಾಗಿ ಹದಿನಾಲ್ಕು ವರ್ಷಗಳಾದ ಮೇಲೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಕೇಳಿಸಿಕೊಂಡ ಸಂತೋಷವನ್ನು ಹೇಗೆ ಹೇಳಲಿ! ಸ್ಪ್ಯಾನರನ್ನು ಕೆಳಗಿಟ್ಟು ಉತ್ತರಿಸಿದೆ. ಕಾರಿನ ಕಬ್ಬಿಣದ ಮೈಯೇ ಒಂದು ತಂತಿ. ದೀಪಕ್ಕೆ, ಹಾರನ್ನಿಗೆ, ಸ್ಟಾರ್ಟರಿಗೆ ಹೋದ ವಿದ್ಯುತ್ತು ಹಿಂದಿರುಗುವುದು ಆ ಮೈಯ ಮೂಲಕ. ಮೈಯನ್ನು ಬ್ಯಾಟರಿಯ ಋಣ ತುದಿಗೆ ಜೋಡಿಸಿರುತ್ತಾರೆ. ಈಗ ನಾನು ಧನ ತುದಿಯನ್ನು ಮೊದಲು ಬಿಚ್ಚಹೊರಟೆ ಎಂದಿಟ್ಟುಕೊ. ಸ್ಪ್ಯಾನರಿನ ಒಂದು ತುದಿ ಧನದ ಮೇಲಿದೆ. ತಿರುಗಿಸುವಾಗ ಇನ್ನೊಂದು ತುದಿ ಕಾರಿನ ಮೈಗೆ ತಾಕಿದರೆ? ಧನ-ಋಣಗಳ ನಡುವೆ ನೇರ ಸೇತುವೆ, ದೊಡ್ಡ ಕಿಡಿ. ತುಂಬುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಕಿಡಿಯಿಂದ ಅದು ಸಿಡಿಯಬಹುದು. ಋಣವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಕಿದರೂ ಋಣಕ್ಕೆ ಋಣವೇ ತಾಕಿದಂತೆ, ಏನೂ ಆಗದು. ಅದು ಬಿಟ್ಟ ಮೇಲೆ ಮೈಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಧನವನ್ನು ನಿರ್ಭಯವಾಗಿ ಬಿಚ್ಚಬಹುದು. ಕಟ್ಟುವಾಗ ಇದರ ಹಿಮ್ಮುಖ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಓ, ತಾತ ಹೇಳ್ತಿದ್ದಿದ್ದು ಅದಕ್ಕೇನಾ!” ಎಂದಳು. ಆಕೆ ಹೇಳಿದ್ದು ನನ್ನನ್ನಲ್ಲ, ತನ್ನ ತಾತನನ್ನು. ಆ ವಾಕ್ಯವನ್ನು ಆಕೆಯೂ ಕೇಳಿ ಬೆಳೆದಿದ್ದಳು. ಅವರು ಕಾರಣ ಹೇಳದೆ ಕೆಲಸ ಕಲಿಸಿದ್ದರು, ನಾನು ಕೆಲಸವಿಲ್ಲದೆ ಕಾರಣ ಕಲಿಸಿದ್ದೆ. ಆ ಭಾನುವಾರ ಎರಡೂ ಒಂದೇ ಗೋಡೆಯ ಬಳಿ ಕೂಡಿದವು.

ಕಪ್ಪನ್ನು ಬಿಚ್ಚಿ, ಮತ್ತೆ ತಾಕದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಟ್ಟೆ. ಆಮೇಲೆ ಕೆಂಪು. ಬ್ಯಾಟರಿ ಅಲುಗದಂತೆ ಹಿಡಿದಿದ್ದ ಪಟ್ಟಿಯ ಬೋಲ್ಟ್ ತೆಗೆದೆ. ಸುಮಾರು ಹತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಬೆನ್ನು ಬಗ್ಗಿಸದೆ, ಮೈಗೆ ಹತ್ತಿರ ಹಿಡಿದು, ಓರೆಯಾಗದಂತೆ ಎತ್ತಿ ಕೆಳಗಿಟ್ಟೆ. ತಂತಿಯ ಕ್ಲ್ಯಾಂಪುಗಳ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಅಡುಗೆ ಸೋಡಾ ಕದಡಿದ ನೀರನ್ನು ಮಡದಿ ಲೋಟದಲ್ಲಿ ಕೊಟ್ಟಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ನೊರೆಯೆದ್ದು ಆಮ್ಲವೆಲ್ಲ ಕಳೆಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಹೊಸದನ್ನು ಕೂರಿಸಿ, ಪಟ್ಟಿ ಬಿಗಿದೆ. ಕೆಂಪು ಮೊದಲು, ಕಪ್ಪು ಕೊನೆಗೆ. ಎರಡರ ಮೇಲೂ ತೆಳ್ಳಗೆ ವ್ಯಾಸಲೀನ್ ಸವರಿದೆ; ಗಾಳಿಯ ತೇವ ತಾಕದಿದ್ದರೆ ಕಿಲುಬು ಬೇಗ ಕಟ್ಟುವುದಿಲ್ಲ. ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಕಾರಿನ ಗಡಿಯಾರ ಮಾತ್ರ ಹನ್ನೆರಡು ಗಂಟೆ ತೋರಿಸುತ್ತಿತ್ತು. ಒಟ್ಟು ಹಿಡಿದದ್ದು ಮುಕ್ಕಾಲು ಗಂಟೆ, ಅದರಲ್ಲಿ ಪಾಠಕ್ಕೆ ಕಾಲು ಗಂಟೆ.

ಒಮ್ಮೆ ಯೋಚಿಸಿದರೆ, ಒಂದು ಕೀಲಿಯ ತಿರುವಿಗೆ ನಾವು ಇಷ್ಟು ಒಗ್ಗಿಹೋಗಿರುವುದೇ ಆಶ್ಚರ್ಯ. 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬರುವವರೆಗೆ ಬಹುತೇಕ ಕಾರುಗಳನ್ನು ಮುಂದೆ ನಿಂತು ಕಬ್ಬಿಣದ ಹಿಡಿಕೆ ತಿರುಗಿಸಿಯೇ ಎಬ್ಬಿಸಬೇಕಿತ್ತು. ಹಿಡಿಕೆ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರಿದ್ದರು. ಮುದುಕರು, ದುರ್ಬಲರು ಒಂಟಿಯಾಗಿ ಕಾರು ಹೊರಡಿಸುವಂತಾದದ್ದು ಈ ಸೀಸದ ಪೆಟ್ಟಿಗೆಯ ದಯೆಯಿಂದ. ಬೆಂಗಳೂರಿನಲ್ಲಿ 2001ರಲ್ಲಿ ಹೊರಬಂದ ರೇವಾ ಎಂಬ ವಿದ್ಯುತ್ ಕಾರನ್ನಂತೂ ಪೂರ್ತಿಯಾಗಿ ಓಡಿಸಿದ್ದು ಇದೇ ಜಾತಿಯ, ಆರು ವೋಲ್ಟಿನ ಎಂಟು ಬ್ಯಾಟರಿಗಳು.

ಆದರೆ ಇದರೊಳಗಿನ ಸೀಸ ವಿಷ. ಪೆಟ್ಟಿಗೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಗುಜರಿಯವರು ಬೀದಿ ಬದಿಯಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕರಗಿಸಿದರೆ ಅದರ ಧೂಳು ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುತ್ತದೆ. ನಮ್ಮ ದೇಶದಲ್ಲಿ 2001ರಲ್ಲೇ ಬ್ಯಾಟರಿಗಳ ನಿರ್ವಹಣೆಗೆ ನಿಯಮ ಬಂದು, ಹೊಸದನ್ನು ಮಾರುವವರು ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂದಾಯಿತು. 2022ರ ಹೊಸ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಸರಿಯಾದ ಕಡೆಗೆ ಸೇರಿದರೆ ಅದರ ಸೀಸ ಮತ್ತೊಂದು ಬ್ಯಾಟರಿಯಾಗಿ ಹುಟ್ಟಿಬರುತ್ತದೆ. ಆದ್ದರಿಂದ ನಾಲ್ಕು ಕಾಸು ಹೆಚ್ಚು ಸಿಗುವುದೆಂದು ತಳ್ಳುಗಾಡಿಗೆ ಹಾಕದೆ ಕೊಂಡ ಅಂಗಡಿಗೇ ಹಿಂದಿರುಗಿಸಬೇಕು. ಹೇಗೂ ಅದಕ್ಕೆ ಬೆಲೆ ಕಡಿಮೆ ಮಾಡಿಕೊಡುತ್ತಾರೆ.

ಇದನ್ನು ಓದಿ ಎಲ್ಲರೂ ಸ್ಪ್ಯಾನರ್ ಹಿಡಿಯಿರೆಂದು ನಾನು ಹೇಳುವುದಿಲ್ಲ. ನಿಂತಾಗ ತಾನೇ ಆರಿ, ಹೊರಡುವಾಗ ತಾನೇ ಹೊತ್ತಿಕೊಳ್ಳುವ ಎಂಜಿನ್ನುಳ್ಳ ಹೊಸ ಕಾರುಗಳಿಗೆ ಬೇರೆ ಬಗೆಯ ಬ್ಯಾಟರಿ ಬೇಕು. ಕೆಲವಕ್ಕೆ ಹೊಸ ಬ್ಯಾಟರಿ ಬಂದಿದೆಯೆಂದು ಕಾರಿನ ಗಣಕಕ್ಕೆ ತಿಳಿಸಬೇಕು. ಅದು ವರ್ಕ್‌ಶಾಪಿನ ಕೆಲಸ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿ ಕಂಡರೆ ಅದರ ಹತ್ತಿರವೂ ಕೈ ಹೋಗಬಾರದು, ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟ್. ಪೆಟ್ಟಿಗೆ ಉಬ್ಬಿದ್ದರೆ, ಸೀಳಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ತಿಳಿದವರನ್ನು ಕರೆಯುವುದೇ ವಿವೇಕ. ಬೆನ್ನುನೋವಿದ್ದವರು ಎತ್ತುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಆದರೂ ಒಂದು ಮಾತನ್ನು ಹೇಳಬೇಕು. ನನ್ನ ತಲೆಮಾರಿನ ಮೇಷ್ಟರುಗಳಿಗೆ ಸೀಮೆಸುಣ್ಣದ ಧೂಳಲ್ಲದೆ ಬೇರೆ ಕೊಳೆ ಕೈಗೆ ಅಂಟಬಾರದೆಂಬ ಒಂದು ಬಿಗುಮಾನವಿತ್ತು. ಸಮಾಜವೂ ಅದನ್ನು ಮರ್ಯಾದೆಯೆಂದೇ ಕರೆಯುತ್ತಿತ್ತು. ಕಷ್ಟಕಾಲ ಬಂದಾಗ ನಮ್ಮ ಮನೆಯನ್ನು ಕಾದದ್ದು ಆ ಮರ್ಯಾದೆಯಲ್ಲ. ಮುಚ್ಚಿಹೋದ ಕಾರ್ಖಾನೆಯೊಂದರ ಕೆಲಸಗಾರರು ಬಿಟ್ಟುಹೋದ ಆರು ಪದಗಳ ಎಚ್ಚರಿಕೆ ಮತ್ತು ಒಂದು ತಗಡಿನ ಪೆಟ್ಟಿಗೆ. ವಿದ್ಯೆಗೆ ಯಾವುದು ಸೇರಬೇಕು, ಯಾವುದು ಸೇರಬಾರದು ಎಂಬ ನಮ್ಮ ಲೆಕ್ಕವನ್ನು ಇನ್ನಾದರೂ ತಿದ್ದಿಕೊಳ್ಳಬೇಕು.

ಆ ಮಂಗಳವಾರ ನಾವು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದೆವು. ಆಮೇಲಿನ ಒಂದೂವರೆ ವರ್ಷ ಆ ಬ್ಯಾಟರಿ ಆಕೆಯನ್ನು ನೂರೈವತ್ತು ಬಾರಿಯಾದರೂ ಕರೆದೊಯ್ದು ಕರೆತಂದಿತು. ಒಮ್ಮೆಯೂ ನರಳಲಿಲ್ಲ. 2021ರ ಅಕ್ಟೋಬರಿನಲ್ಲಿ ಆಕೆ ಹೋದಳು, ಮನೆಯಲ್ಲೇ, ನಿದ್ದೆಯಲ್ಲಿ. ಬ್ಯಾಟರಿ ಇನ್ನೂ ಮೂರು ವರ್ಷ ಬಾಳಿತು. 2024ರಲ್ಲಿ ಅದನ್ನು ಬದಲಿಸಿದವಳು ಎಂಜಿನಿಯರಿಂಗ್ ವಿದ್ಯಾರ್ಥಿನಿಯಾಗಿದ್ದ ಪಕ್ಕದ ಮನೆಯ ಹುಡುಗಿ. ನಾನು ಕುರ್ಚಿಯಲ್ಲಿ ಕುಳಿತು ನೋಡಿದೆ. ಹೇಳುವುದು ಏನೂ ಉಳಿದಿರಲಿಲ್ಲ. ಹಸಿರು ಪೆಟ್ಟಿಗೆ ಈಗ ಎರಡು ಮನೆಗಳ ನಡುವಿನ ಗೋಡೆಗೆ ಹೊಂದಿದ ಚಪ್ಪಡಿಯ ಕೆಳಗಿದೆ. ಬೀದಿಯಲ್ಲಿ ಬೇಕಾದವರು ಕೇಳಿ ಒಯ್ಯುತ್ತಾರೆ, ಒರೆಸಿ ತಂದಿಡುತ್ತಾರೆ.